ಮದಾಲಸೆಯ ತೊಟ್ಟಿಲು

ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊಡ್ಡದೇವರಾಜ ಒಡೆಯರು 17ನೇ ಶತಮಾನದಲ್ಲಿ ಕಟ್ಟಿಸಿದ ಸಾವಿರ ಮೆಟ್ಟಿಲು. ಹರಕೆ ಹೊತ್ತ ತಾಯಂದಿರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಯಾರಿಗಾಗಿ ಈ ಹರಕೆ ಅಂತ ಕೇಳಿದರೆ ಬರುವ ಉತ್ತರ ಬಹುಪಾಲು ಒಂದೇ: "ಮಕ್ಕಳಿಗೋಸ್ಕರ." ಮಗನಿಗೆ ಒಳ್ಳೇ ಮಾರ್ಕ್ಸ್ ಬರಲಿ, ಮಗಳಿಗೆ ಸೀಟು ಸಿಗಲಿ. ತಪ್ಪೇನಿಲ್ಲ. ತಾಯಿಯ ಹತ್ತಿರ ಕೇಳದೆ ಇನ್ಯಾರ ಹತ್ತಿರ ಕೇಳಬೇಕು?

ಆದರೆ ಅದೇ ಮೆಟ್ಟಿಲಲ್ಲಿ, ಪಕ್ಕದಲ್ಲೇ ಹತ್ತುತ್ತಿರುವ ಮಗುವಿಗೆ ಸಿಗುವ ಉತ್ತರವನ್ನೂ ಒಮ್ಮೆ ಕೇಳಿಸಿಕೊಳ್ಳಬೇಕು. "ಅಪ್ಪಾ, ನಂದಿ ಯಾಕೆ ಯಾವಾಗ್ಲೂ ಕೂತೇ ಇರ್ತಾನೆ?" "ಆಮೇಲೆ ಹೇಳ್ತೀನಿ, ಬೇಗ ಹತ್ತು." "ಅಮ್ಮಾ, ಮಹಿಷಾಸುರ ಕೆಟ್ಟವನಾದ್ರೆ ಮೇಲ್ಗಡೆ ಅವನ ಮೂರ್ತಿ ಯಾಕಿಟ್ಟಿದಾರೆ?" "ಮನೆಗೆ ಹೋದ್ಮೇಲೆ ಕೇಳು." ಮನೆಗೆ ಹೋದ ಮೇಲೆ ಕುಕ್ಕರ್ ಕೂಗುತ್ತದೆ, ಮೊಬೈಲ್ ಬಡಿದುಕೊಳ್ಳುತ್ತದೆ, ಹೋಂವರ್ಕ್ ಬಾಕಿ ಇರುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯದಿದ್ದರೆ ಸಂಸಾರ ತೂಗದ ಕಾಲ. ಅವರನ್ನು ದೂರಿ ಫಲವಿಲ್ಲ. ಆದರೂ ಮಗು ಎರಡು ಸಲ ಕೇಳುತ್ತದೆ, ಮೂರು ಸಲ ಕೇಳುತ್ತದೆ. ಆಮೇಲೆ ಕೇಳುವುದನ್ನೇ ಬಿಡುತ್ತದೆ.

ಅಮ್ಮನವರು ಮಹಿಷನನ್ನು ಸಂಹರಿಸಿದ ಕಥೆ ಇರುವುದು ಮಾರ್ಕಂಡೇಯ ಪುರಾಣದಲ್ಲಿ. ಅದರ 13 ಅಧ್ಯಾಯಗಳೇ ದೇವೀ ಮಾಹಾತ್ಮ್ಯ. ನವರಾತ್ರಿಯಲ್ಲಿ ಸಪ್ತಶತಿ ಎಂದು ಪಾರಾಯಣ ಮಾಡುವುದು ಅದನ್ನೇ. ಅದೇ ಪುರಾಣದಲ್ಲಿ, ಅದಕ್ಕೂ ಮುಂಚೆ, ಇನ್ನೊಬ್ಬ ತಾಯಿಯ ಕಥೆ ಬರುತ್ತದೆ. ಪಾರಾಯಣ ಮಾಡುವವರಲ್ಲೂ ಎಷ್ಟೋ ಜನ ಆ ಪುಟಗಳನ್ನು ತಿರುವಿರುವುದಿಲ್ಲ.

ಆಕೆ ಮದಾಲಸೆ, ಋತಧ್ವಜ ರಾಜನ ರಾಣಿ. ಚೊಚ್ಚಲ ಮಗ ಹುಟ್ಟಿದಾಗ ರಾಜನು ವಿಕ್ರಾಂತ ಎಂದು ಹೆಸರಿಟ್ಟ. ರಾಣಿ ನಕ್ಕಳು. ಮಗು ಅತ್ತಾಗ ಎತ್ತಿ ಆಡಿಸುತ್ತಾ ಜೋಗುಳದಲ್ಲೇ ಹೇಳಿಕೊಟ್ಟಳು: ಕಂದಾ, ಈ ಹೆಸರು ನಿನಗೆ ಆಮೇಲೆ ಅಂಟಿದ್ದು, ಈ ದೇಹವೂ ನೀನಲ್ಲ, ನೀನು ಶುದ್ಧನು, ಅಳುವುದೇಕೆ? ಮಗು ಬೆಳೆದು ವಿರಕ್ತನಾದ. ಎರಡನೆಯವನು ಸುಬಾಹು, ಮೂರನೆಯವನು ಶತ್ರುಮರ್ದನ. ಅವರೂ ಅಣ್ಣನ ದಾರಿ ಹಿಡಿದರು. ಗಮನಿಸಬೇಕಾದ್ದು, ಆಕೆ ಪಾಠಕ್ಕೆಂದು ಬೇರೆ ಹೊತ್ತು ಹುಡುಕಲಿಲ್ಲ. ಮಗು ಅಳುವ ಹೊತ್ತು, ಮಲಗುವ ಹೊತ್ತು, ಅದೇ ಅವಳ ಪಾಠಶಾಲೆ. ಆ ಹೊತ್ತು ಎಷ್ಟೇ ಬಿಡುವಿಲ್ಲದವರ ಮನೆಯಲ್ಲೂ ಇರುತ್ತದೆ. ಈಗ ಆ ಹೊತ್ತಿಗೆ ಮಗುವಿನ ಕೈಗೆ ಮೊಬೈಲ್ ಕೊಟ್ಟು ಬಾಯಿಗೆ ತುತ್ತಿಡುವುದು ರೂಢಿಯಾಗಿದೆ, ಅಷ್ಟೇ.

ನಾಲ್ಕನೆಯ ಮಗನಿಗೆ ಹೆಸರಿಡುವಾಗ ರಾಜನು, "ನಾನಿಟ್ಟ ಹೆಸರಿಗೆಲ್ಲಾ ನಗ್ತೀಯಲ್ಲ, ಈ ಸಲ ನೀನೇ ಇಡು" ಎಂದ. ಅವಳು ಅಲರ್ಕ ಎಂದಳು. ಅದಕ್ಕೆ ಅರ್ಥವೇ ಇಲ್ಲವಲ್ಲ ಎಂದು ಈಗ ರಾಜನು ನಕ್ಕ. ಆಮೇಲೆ ಬೇಡಿಕೊಂಡ: ಇವನನ್ನಾದರೂ ಸಂಸಾರದಲ್ಲಿ ಉಳಿಸು, ಇಲ್ಲದಿದ್ದರೆ ರಾಜ್ಯಕ್ಕೂ ಪಿತೃಗಳಿಗೂ ದಿಕ್ಕು ಯಾರು? ರಾಜನ ಮಾತಿನಲ್ಲಿ ನ್ಯಾಯವಿತ್ತು. ಮದಾಲಸೆ ಹಟ ಹಿಡಿಯಲಿಲ್ಲ. ಅಲರ್ಕನಿಗೆ ಪ್ರಜೆಗಳನ್ನು ಕಾಯುವುದು, ಅತಿಥಿಗೆ ಅನ್ನವಿಡುವುದು, ಹಿರಿಯರಿಗೆ ಶ್ರಾದ್ಧ ಮಾಡುವುದು, ಗೃಹಸ್ಥನ ಧರ್ಮವೆಲ್ಲವನ್ನೂ ಕಲಿಸಿದಳು. ಸಂಸಾರಸ್ಥರು ನೋಡಬೇಕಾದ್ದು ಈ ನಾಲ್ಕನೆಯ ಮಗನನ್ನೇ.

ಕಲಿಸುವುದು ಬರೀ ಬಾಯಿಂದಲ್ಲ ಎನ್ನುವುದೂ ಇದೆ. ಒಂದು ಸಂಸಾರ ಬೆಟ್ಟಕ್ಕೆ ಬಸ್ಸು ಹತ್ತುತ್ತದೆ. "ಹುಡುಗನಿಗೆ ಎಷ್ಟು ವರ್ಷ?" ಎಂದು ಕಂಡಕ್ಟರು ಕೇಳುತ್ತಾರೆ. "ಐದು" ಅನ್ನುತ್ತಾರೆ ಅಪ್ಪ. "ಇಲ್ಲಪ್ಪಾ, ನಂಗೆ ಏಳು!" ಹುಡುಗನಿಗೆ ತನ್ನ ವಯಸ್ಸಿನ ಬಗ್ಗೆ ಅಭಿಮಾನ. ಅಮ್ಮ ಮೆಲ್ಲಗೆ ಅವನ ತೊಡೆ ಚಿವುಟುತ್ತಾರೆ. ಉಳಿದದ್ದು ಅರ್ಧ ಟಿಕೆಟ್ಟಿನ ಕಾಸು. ಬೆಟ್ಟ ಹತ್ತಿದ ಮೇಲೆ ಅದಕ್ಕಿಂತ ಹೆಚ್ಚು ದುಡ್ಡು ಹುಂಡಿಗೆ ಬೀಳುತ್ತದೆ, ಅದನ್ನು ಹುಡುಗನ ಕೈಯಿಂದಲೇ ಹಾಕಿಸುತ್ತಾರೆ. ಹುಡುಗ ಎರಡನ್ನೂ ನೋಡಿದ್ದಾನೆ. ಅಷ್ಟು ದೊಡ್ಡ ದೇವಸ್ಥಾನದಲ್ಲಿ ಕೈಮುಗಿದು ನಿಂತಾಗಲೂ ಅವನ ತೊಡೆ ಚುರುಗುಡುತ್ತಲೇ ಇರುತ್ತದೆ.

ಮುಂದೆ ಅಲರ್ಕನ ಕಥೆ ಏನಾಯಿತು? ರಾಜ ರಾಣಿ ಕಾಡಿಗೆ ಹೊರಡುವಾಗ ಮದಾಲಸೆ ಮಗನ ಕೈಗೆ ಒಂದು ಉಂಗುರ ಕೊಟ್ಟಳು. ತಡೆಯಲಾರದ ಕಷ್ಟ ಬಂದಾಗ ಇದರೊಳಗೆ ಬರೆದದ್ದನ್ನು ಓದು ಎಂದಳು. ಮಗನು ರಾಜ್ಯವಾಳಿದ, ಧರ್ಮವಾಗಿಯೇ ಆಳಿದ. ಆದರೂ ಭೋಗದಲ್ಲಿ ಮನಸ್ಸು ಸಿಕ್ಕಿಕೊಂಡಿತು. ಅವನನ್ನು ಎಚ್ಚರಿಸಬೇಕೆಂದು ಅಣ್ಣ ಸುಬಾಹುವೇ ಕಾಶಿರಾಜನನ್ನು ಅವನ ಮೇಲೆ ದಂಡೆತ್ತಿಸಿದ. ಬೊಕ್ಕಸ ಬರಿದಾಯಿತು, ಪಟ್ಟಣಕ್ಕೆ ಮುತ್ತಿಗೆ ಬಿತ್ತು. ಆಗ ಉಂಗುರ ನೆನಪಾಯಿತು. ತೆಗೆದು ಓದಿದ: ಸಂಗವನ್ನು ಬಿಡು, ಬಿಡಲಾಗದಿದ್ದರೆ ಸಜ್ಜನರ ಸಂಗ ಮಾಡು ಎಂಬ ಅರ್ಥದ ಮಾತು. ಅವನು ದತ್ತಾತ್ರೇಯರ ಪಾದಕ್ಕೆ ಹೋಗಿ ಬಿದ್ದ.

ಕೊಡುವಾಗ ಮದಾಲಸೆಗೆ ಗೊತ್ತಿತ್ತು, ಓದುವ ದಿನ ತಾನು ಹತ್ತಿರ ಇರುವುದಿಲ್ಲ ಎಂದು. ಮೂವತ್ತು ವರ್ಷದ ಮೇಲೆ ಯಾವುದೋ ಊರಿನ ಬಾಡಿಗೆ ಮನೆಯಲ್ಲಿ, ಕೆಲಸ ಹೋದ ದಿನವೋ ಮನಸ್ಸು ಮುರಿದ ರಾತ್ರಿಯೋ, ಇವತ್ತಿನ ಈ ಮಕ್ಕಳು ತಡಕಾಡಿದಾಗ ಕೈಗೆ ಏನು ಸಿಗಬೇಕು? ಅದು ಸೀಟಲ್ಲ, ಮಾರ್ಕ್ಸಲ್ಲ. ಸಂಜೆ ದೀಪ ಹಚ್ಚುವಾಗ ಅಮ್ಮ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ ಒಂದು ಕಥೆಯಾದರೂ ಇರಬೇಡವೇ?

ದರ್ಶನ ಮುಗಿಸಿ ಇಳಿಯುವಾಗ ನಂದಿಯ ಹತ್ತಿರ ಎಲ್ಲರೂ ಸ್ವಲ್ಪ ಕೂರುತ್ತಾರೆ. ಕಾಲು ನೋಯುತ್ತಿರುತ್ತದೆ, ತೀರ್ಥ ಪ್ರಸಾದವಾಗಿರುತ್ತದೆ, ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಹತ್ತುವಾಗ ಮಗು ಕೇಳಿದ್ದ ಪ್ರಶ್ನೆ ಅಲ್ಲೇ, ನಂದಿಯ ಮುಂದೆಯೇ ಇದೆ.