ನೆರಳು ಗಿಡ್ಡವಾದ ಹೊತ್ತು

ನನ್ನ ಅಕ್ಕನ ಮಗಳು ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. ಎರಡನೇ ಬಾಣಂತನದ ನಂತರ ಅವಳ ಕೆನ್ನೆ ಮೇಲೆ, ಮೇಲ್ದುಟಿ ಮೇಲೆ ಬಂಗು ಬಂತು. ಮೊನ್ನೆ ಮನೆಗೆ ಬಂದವಳು ಚೀಲದಿಂದ ಒಂದು ಪುಟ್ಟ ಗಾಜಿನ ಸೀಸೆ ತೆಗೆದು ನನ್ನ ಕೈಗಿಟ್ಟಳು. "ಚಿಕ್ಕಮ್ಮ, ಇದು ಪೂರ್ತಿ ನ್ಯಾಚುರಲ್ ಅಂತೆ, ಬಿಸ್ಲಿಗೆ ಒಳ್ಳೇದಂತೆ. ಜಾತ್ರೇಲಿ ತಗೊಂಡೆ. ಮೂರು ವಾರದಿಂದ ಹಚ್ತಿದೀನಿ. ಬಂಗು ಇನ್ನೂ ಕಪ್ಪಾಗೈತೆ ನೋಡು."

ಸೀಸೆಯ ಮೇಲೆ ಹಸಿರು ಎಲೆಯ ಚಿತ್ರ. ನೂರಕ್ಕೆ ನೂರು ನೈಸರ್ಗಿಕ, ಸಾವಯವ, ರಾಸಾಯನಿಕ ಮುಕ್ತ ಎಂದು ದಪ್ಪಕ್ಷರ. ತಿರುಗಿಸಿದರೆ ಸಣ್ಣಕ್ಷರದಲ್ಲಿ ಕೊಬ್ಬರಿ ಎಣ್ಣೆ, ಲೋಳೆಸರ, ಅರಿಶಿನ, ಲಿಂಬೆ ಸಿಪ್ಪೆಯ ಎಣ್ಣೆ. ಬಿಸಿಲನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಎಸ್‌ಪಿಎಫ್ ಅಂಕಿ ಇಲ್ಲ. ತಯಾರಿಸಿದವರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಯಾವ ತಿಂಗಳೊಳಗೆ ಬಳಸಬೇಕು ಎಂಬ ದಿನಾಂಕವೂ ಇಲ್ಲ. ಮುಚ್ಚಳ ತೆಗೆದರೆ ಘಮ್ಮೆನ್ನುವ ವಾಸನೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಮನೆ ಮನೆ ತಿರುಗುವ ಹುಡುಗಿ ಅಷ್ಟು ದಿನ ತನ್ನ ಮುಖವನ್ನು ಆ ವಾಸನೆಯ ಭರವಸೆಯ ಮೇಲೆ ಬಿಸಿಲಿಗೆ ಒಡ್ಡಿದ್ದಳು.

ನೈಸರ್ಗಿಕ ಎಂಬ ಮಾತು ವಸ್ತು ಎಲ್ಲಿಂದ ಬಂತು ಎಂಬುದನ್ನು ಹೇಳುತ್ತದೆ. ಮೈಗೆ ಅದು ಏನು ಮಾಡುತ್ತದೆ ಎಂಬುದು ಬೇರೆ ಪ್ರಶ್ನೆ. ಬಯಲುಸೀಮೆಯ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ರಸ್ತೆ ಬದಿಯಲ್ಲಿ, ಬೀಳುಬಿದ್ದ ಹೊಲದಲ್ಲಿ, ಶಾಲೆಯ ಕಾಂಪೌಂಡಿನ ಪಕ್ಕದಲ್ಲಿ ಹಬ್ಬಿರುವ ಕಾಂಗ್ರೆಸ್ ಗಿಡವನ್ನೇ ನೋಡಿ. ಯಾವ ಕಾರ್ಖಾನೆಯಲ್ಲೂ ಹುಟ್ಟಿದ್ದಲ್ಲ. ಆದರೂ ಅದರ ಒಣ ಪುಡಿ ಗಾಳಿಯಲ್ಲಿ ಬಂದು ಕೂತರೆ ಒಗ್ಗದವರಿಗೆ ಕಣ್ಣಿನ ರೆಪ್ಪೆ, ಕುತ್ತಿಗೆ, ಮೊಳಕೈ ಮಡಿಕೆ ಕೆರೆದು ಕೆರೆದು ಚರ್ಮ ದಪ್ಪಗಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಕೆಲವರಿಗೆ ಬಿಸಿಲು ಬಿದ್ದರೇ ಸಾಕು, ತುರಿಕೆ ಏಳುತ್ತದೆ. ಸೇವಂತಿಗೆಯೂ ಅದೇ ಕುಟುಂಬದ ಗಿಡ. ಕಾಂಗ್ರೆಸ್ ಗಿಡ ಆಗದವರಲ್ಲಿ ಹಲವರಿಗೆ ಸೇವಂತಿಗೆ ಬಿಡಿಸಿದರೂ ಕೈ ಉರಿಯುತ್ತದೆ. ಹೂವಿನ ಸಾರ ಹಾಕಿದ ಕ್ರೀಮು ಇಂಥವರಿಗೆ ಹೇಗೆ ತಾನೇ ಒಗ್ಗೀತು?

ನನ್ನ ಕೈ ಮೇಲೇ ಒಂದು ಪಾಠ ಆಗಿದೆ. ಡಿಗ್ರಿ ಓದುವಾಗ ರಾಮನವಮಿಗೆ ದೇವಸ್ಥಾನದಲ್ಲಿ ಪಾನಕ ಮಾಡಲು ಒಂದು ಬುಟ್ಟಿ ಲಿಂಬೆಹಣ್ಣು ಹಿಂಡಿದ್ದೆ. ಕೈ ಸರಿಯಾಗಿ ತೊಳೆಯದೆ ಬಿಸಿಲಲ್ಲಿ ನಿಂತು ಲೋಟ ಲೋಟ ಹಂಚಿದೆ. ಅವತ್ತು ಏನೂ ಆಗಲಿಲ್ಲ. ಮಾರನೇ ದಿನ ರಾತ್ರಿ ಉರಿ ಶುರುವಾಯಿತು, ಅದರ ಮಾರನೇ ದಿನ ಬೊಬ್ಬೆ ಎದ್ದವು. ರಸ ಸೋರಿದ ದಾರಿಯಲ್ಲೇ ಮುಂಗೈ ಮೇಲೆ ಕಂದು ಗೆರೆಗಳು ಮೂಡಿ ತಿಂಗಳುಗಟ್ಟಲೆ ಉಳಿದವು. ಲಿಂಬೆಯಲ್ಲಿ ಫ್ಯೂರೊಕೌಮರಿನ್ ಎಂಬ ವಸ್ತುಗಳಿವೆ; ಅತಿನೇರಳೆ ಕಿರಣ ಬಿದ್ದರೆ ಅವು ಚರ್ಮವನ್ನು ಸುಡುತ್ತವೆ. ಮುಖ ಬೆಳ್ಳಗಾಗಲೆಂದು ಲಿಂಬೆರಸ ಹಚ್ಚಿಕೊಂಡು ಹೊರಗೆ ಹೋಗುವ ಹುಡುಗಿಯರನ್ನು ಕಂಡಾಗ ನನ್ನ ಆ ಗೆರೆಗಳು ನೆನಪಾಗುತ್ತವೆ.

ಇನ್ನು ಸಾವಯವ ಎಂಬ ಪದ. ಸಾವಯವ ರಾಗಿ ಎಂದರೆ ರಸಗೊಬ್ಬರ, ಕೀಟನಾಶಕ ಹಾಕದೆ ಬೆಳೆದದ್ದು ಎಂದು ನಮಗೆ ಗೊತ್ತು. ಆಹಾರಕ್ಕಾದರೆ ಜೈವಿಕ್ ಭಾರತ್ ಎಂಬ ಗುರುತಿದೆ, ಹಿಂದೆ ಪರಿಶೀಲನೆ ಇದೆ. ಮುಖಕ್ಕೆ ಹಚ್ಚುವ ಕ್ರೀಮಿಗೆ ಆ ಗುರುತು ಸಲ್ಲುವುದಿಲ್ಲ. ರಸಾಯನಶಾಸ್ತ್ರದ ಪಾಠದಲ್ಲಂತೂ ಇದೇ ಪದಕ್ಕೆ ಬೇರೆ ಅರ್ಥ. ಅಲ್ಲಿ ಇಂಗಾಲದ ಸಂಯುಕ್ತಗಳೇ ಸಾವಯವ. ಆ ಲೆಕ್ಕದಲ್ಲಿ, ಸನ್‌ಸ್ಕ್ರೀನಿನ ವಸ್ತುಗಳಲ್ಲಿ ಜನ ಕೆಮಿಕಲ್ ಎಂದು ದೂರವಿಡುವ ಆಕ್ಸಿಬೆಂಜೋನ್, ಅವೊಬೆಂಜೋನ್ ಸಾವಯವ ಪಟ್ಟಿಗೆ ಸೇರುತ್ತವೆ. ಸುರಕ್ಷಿತವೆಂದು ಹುಡುಕುವ ಜಿಂಕ್ ಆಕ್ಸೈಡ್ ನಿರವಯವ ಪಟ್ಟಿಗೆ. ಪಿಯುಸಿ ಮಕ್ಕಳು ಬೇಕಾದರೆ ಅಮ್ಮಂದಿರಿಗೆ ಇದನ್ನು ವಿವರಿಸಬಹುದು.

ಕೊಬ್ಬರಿ ಎಣ್ಣೆಯ ಬಗ್ಗೆ ಹೊಸದುರ್ಗದ ತೆಂಗಿನ ಸೀಮೆಯವರು ಬೇಸರಪಡಬಾರದು. ಒಣಗಿದ ಚರ್ಮಕ್ಕೆ ಅದು ಒಳ್ಳೆಯದೇ. ಆದರೆ ಬಿಸಿಲು ತಡೆಯುತ್ತದೆ ಎಂಬ ಮಾತು ಹಬ್ಬಿದ್ದರ ಹಿಂದೆ 2010ರಲ್ಲಿ ರಾಯಪುರದ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗವಿದೆ. ಎಣ್ಣೆಯನ್ನು ಕರಗಿಸಿ ಯಂತ್ರದಲ್ಲಿಟ್ಟು ಅಳೆದಾಗ ಎಸ್‌ಪಿಎಫ್ ಸುಮಾರು 7 ಬಂತು. ಅದು ಪ್ರಯೋಗಾಲಯದ ಅಳತೆ, ಮನುಷ್ಯರ ಮೈಮೇಲೆ ಹಚ್ಚಿ ನೋಡಿದ್ದಲ್ಲ. ಬೆವರಿಗೆ ಇಳಿದುಹೋಗುವ ತೆಳು ಎಣ್ಣೆಯನ್ನು ನಂಬಿ ಮಧ್ಯಾಹ್ನದ ಹೊಲಕ್ಕೆ ಇಳಿಯುವಂತಿಲ್ಲ. ಲೋಳೆಸರವೂ ಅಷ್ಟೇ, ಸುಟ್ಟ ಮೇಲೆ ತಂಪು ಕೊಟ್ಟೀತು, ಸುಡುವುದನ್ನು ತಡೆಯಲಾರದು. ಜಿಂಕ್ ಪುಡಿ ತಂದು ಮನೆಯಲ್ಲೇ ಎಣ್ಣೆಗೆ ಕಲಸಿಕೊಳ್ಳುವವರೂ ಇದ್ದಾರೆ. ಪುಡಿ ಸಮನಾಗಿ ಹರಡದೆ ಗಂಟುಗಂಟಾಗುತ್ತದೆ, ಗಂಟಿನ ನಡುವಿನ ಜಾಗದಲ್ಲಿ ಚರ್ಮ ಬರಿದಾಗಿಯೇ ಉಳಿಯುತ್ತದೆ.

ನಮ್ಮ ಬಿಸಿಲಿನ ಲೆಕ್ಕವೇ ಬೇರೆ. ಚಿತ್ರದುರ್ಗ 14 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿದೆ. ಏಪ್ರಿಲ್ ಕೊನೆಯ ವಾರ ಒಮ್ಮೆ, ಆಗಸ್ಟ್ ನಡುವೆ ಇನ್ನೊಮ್ಮೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆ ಕ್ಷಣ ನೆರಳೇ ಇರುವುದಿಲ್ಲ. ಏಪ್ರಿಲ್ ಬಿಸಿಲಿಗೆ ಎಲ್ಲರೂ ಹೆದರುತ್ತಾರೆ. ಆಗಸ್ಟಿನಲ್ಲಿ ತೆಳುಮೋಡ, ತಂಗಾಳಿ. ತುರುವನೂರು ಕಡೆಯ ಈರುಳ್ಳಿ ಹೊಲಗಳಲ್ಲಿ ಹೆಂಗಸರು ದಿನವಿಡೀ ಕೂತು ಕಳೆ ಕೀಳುವ ಕಾಲ ಅದು. ಅತಿನೇರಳೆ ಕಿರಣಕ್ಕೂ ಸೆಕೆಗೂ ಸಂಬಂಧವಿಲ್ಲ. ತೆಳುಮೋಡವನ್ನು ಅದು ಬಹುಪಾಲು ದಾಟಿ ಬರುತ್ತದೆ. ಜೋಗಿಮಟ್ಟಿಯ ಮೇಲೆ, ಹೊಸದುರ್ಗದ ಗಾಳಿಯಂತ್ರದ ಗುಡ್ಡಗಳ ಮೇಲೆ ಗಾಳಿ ತಂಪಾಗಿ ಬೀಸುವಾಗ ಮೈ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ. ಇದಕ್ಕೆ ಒಂದು ಸುಲಭ ಗುರುತಿದೆ. ನಿಮ್ಮ ನೆರಳು ನಿಮಗಿಂತ ಗಿಡ್ಡವಾದರೆ ಕಿರಣ ಬಿರುಸಾಗಿದೆ ಎಂದರ್ಥ.

ಈ ಕಿರಣಗಳಲ್ಲಿ ಯುವಿಬಿ ಎಂಬುದು ಚರ್ಮ ಸುಡುತ್ತದೆ. ಯುವಿಎ ಇನ್ನೂ ಆಳಕ್ಕೆ ಇಳಿದು ಕಪ್ಪಾಗಿಸುತ್ತದೆ, ಸುಕ್ಕು ತರುತ್ತದೆ, ಬಸ್ಸಿನ ಕಿಟಕಿ ಗಾಜನ್ನೂ ದಾಟುತ್ತದೆ. ಎಸ್‌ಪಿಎಫ್ ಅಂಕಿ ಮುಖ್ಯವಾಗಿ ಯುವಿಬಿಯದು. 30 ಎಂದಿದ್ದರೆ ನೂರರಲ್ಲಿ ಸುಮಾರು 97 ಪಾಲು ತಡೆ, 50 ಎಂದಿದ್ದರೆ 98. ಅಷ್ಟು ಅಲ್ಪ ವ್ಯತ್ಯಾಸಕ್ಕೆ ದುಪ್ಪಟ್ಟು ಹಣ ಕೊಡಬೇಕಿಲ್ಲ. ಯುವಿಎ ತಡೆಗೆ ಬ್ರಾಡ್ ಸ್ಪೆಕ್ಟ್ರಮ್ ಎಂದೋ ಪಿಎ ಪಕ್ಕದಲ್ಲಿ ಮೂರು ಪ್ಲಸ್ಸೋ ಇದೆಯೇ ನೋಡಬೇಕು.

ಬಂಗು ಇರುವವರಿಗೆ ಇನ್ನೊಂದು ತೊಡಕಿದೆ. ನಮ್ಮಂಥ ಕಂದು ಚರ್ಮದಲ್ಲಿ ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಅದನ್ನು ತಡೆಯುವುದು ಕಬ್ಬಿಣದ ಆಕ್ಸೈಡ್, ಅಂದರೆ ನಮ್ಮ ಕೆಮ್ಮಣ್ಣಿಗೆ ಬಣ್ಣ ಕೊಡುವ ವಸ್ತು. ಭೀಮಸಮುದ್ರದ ರಸ್ತೆಯಲ್ಲಿ ಅದಿರಿನ ಲಾರಿ ಹೋದ ಮೇಲೆ ಅಡಿಕೆ ಗರಿಗಳ ಮೇಲೆ ಕೂರುವ ಕೆಂಪು ಧೂಳು ಅದೇ. ಹಾಗೆಂದು ಗುಡ್ಡದ ಕೆಂಪು ಮಣ್ಣನ್ನು ಅರೆದು ಹಚ್ಚುವಂತಿಲ್ಲ. ನೆಲದಿಂದ ತೆಗೆದ ಅದಿರಿನ ಜೊತೆ ಸೀಸ, ಆರ್ಸೆನಿಕ್ ಬರಬಹುದು. ಅದಕ್ಕೇ ಅಮೆರಿಕದಲ್ಲಿ ಪ್ರಸಾಧನಕ್ಕೆ ಕೃತಕವಾಗಿ ತಯಾರಿಸಿದ ಕಬ್ಬಿಣದ ಆಕ್ಸೈಡನ್ನಷ್ಟೇ ಬಳಸಬೇಕೆಂಬ ನಿಯಮವಿದೆ. ಇಲ್ಲಿ ನಿಸರ್ಗದ್ದಕ್ಕಿಂತ ಕಾರ್ಖಾನೆಯದೇ ಶುದ್ಧ. ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಆ ಸೀಸೆಯನ್ನೇ ನೋಡುತ್ತಿದ್ದಳು.

ಹಾಗಾದರೆ ಕೆಮಿಕಲ್ ಎಂಬ ಹೆದರಿಕೆ ಪೂರ್ತಿ ಸುಳ್ಳೇ? ಅಲ್ಲ. 2019 ಮತ್ತು 2020ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಸಂಶೋಧಕರು ಪ್ರಕಟಿಸಿದ ಪರೀಕ್ಷೆಗಳಲ್ಲಿ ಆಕ್ಸಿಬೆಂಜೋನ್ ಮೊದಲಾದವು ಚರ್ಮ ದಾಟಿ ರಕ್ತ ಸೇರುವುದು ಕಂಡಿತು. ರಕ್ತ ಸೇರಿದ ಮಾತ್ರಕ್ಕೆ ಹಾನಿ ಎಂದಲ್ಲ, ಇನ್ನಷ್ಟು ಪರೀಕ್ಷೆ ಬೇಕು ಎಂದು ಅವರೇ ಹೇಳಿದರು. ಹಚ್ಚುವುದನ್ನು ಬಿಡಿ ಎನ್ನಲಿಲ್ಲ. ಸುರಕ್ಷಿತವೆಂದು 2019ರಲ್ಲಿ ಆ ಸಂಸ್ಥೆ ಪ್ರಸ್ತಾಪಿಸಿದ್ದು ಎರಡನ್ನು, ಜಿಂಕ್ ಆಕ್ಸೈಡ್ ಮತ್ತು ಟೈಟಾನಿಯಂ ಡಯಾಕ್ಸೈಡ್. ಬಸುರಿಯರು, ಚರ್ಮ ಬೇಗ ಕೆರಳುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಂಡರೆ ನೆಮ್ಮದಿ. ಪುಡಿ ಉಸಿರಿಗೆ ಹೋಗಬಾರದು, ಆದ್ದರಿಂದ ಸ್ಪ್ರೇ ಬೇಡ. ಆರು ತಿಂಗಳೊಳಗಿನ ಕೂಸಿಗೆ ಯಾವುದನ್ನೂ ಹಚ್ಚದೆ ನೆರಳಲ್ಲಿಡಬೇಕು.

ಬಂಗಿಗೆ ಬಿಳುಪಿನ ಕ್ರೀಮು ಹಚ್ಚು ಎಂದು ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಅವುಗಳಲ್ಲಿ ಕೆಲವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಕೆಲವಕ್ಕೆ ಪಾದರಸ. ಸ್ಟೀರಾಯ್ಡ್ ಚರ್ಮವನ್ನು ತೆಳುವಾಗಿಸುತ್ತದೆ, ಪಾದರಸ ಮೂತ್ರಪಿಂಡಕ್ಕೆ ಕುತ್ತು.

ನಮ್ಮ ದೇಶದಲ್ಲಿ ಪ್ರಸಾಧನ ತಯಾರಿಸಿ ಮಾರಲು ಪರವಾನಗಿ ಬೇಕೇ ಬೇಕು. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ್ದನ್ನು, ಮಾರುವವರು ಎಷ್ಟೇ ಪರಿಚಿತರಾಗಿರಲಿ, ಮುಖಕ್ಕೆ ಹಚ್ಚಬಾರದು. ತಂದದ್ದನ್ನು ಮೊದಲು ಮುಂಗೈ ಒಳಮೈಗೆ ಮೂರ್ನಾಲ್ಕು ದಿನ ಹಚ್ಚಿ ನೋಡಿ. ಬಿಸಿಲಲ್ಲಿ ನಿಂತ ಗಾಡಿಯ ಡಿಕ್ಕಿಯಲ್ಲಿ ಟ್ಯೂಬು ಇಡಬೇಡಿ, ಕಾವಿಗೆ ಕೆಡುತ್ತದೆ.

ಎಷ್ಟು ಹಚ್ಚಬೇಕು ಎಂಬುದನ್ನು ಲೆಕ್ಕ ಹಾಕಿದಾಗ ನನಗೆ ಕಸಿವಿಸಿಯಾಯಿತು. ಎಸ್‌ಪಿಎಫ್ ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸಿ. ಹಾಗೆ ನೋಡಿದರೆ ಮುಖ, ಕುತ್ತಿಗೆ, ಮೊಳಕೈ ಕೆಳಗಿನ ಎರಡು ಕೈಗೆ ಒಮ್ಮೆಗೆ ಸುಮಾರು 5 ಗ್ರಾಂ. ಬೆವರುವ ಕೆಲಸದಲ್ಲಿ ಎರಡು ಗಂಟೆಗೊಮ್ಮೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಎಂದರೂ 50 ಗ್ರಾಂ ಟ್ಯೂಬು ಐದು ದಿನಕ್ಕೆ ಖಾಲಿ. ಕಳೆ ಕೀಳಲು ಹೋಗುವ ಕೂಲಿಯ ಹೆಣ್ಣುಮಗಳಿಗೆ ಇದನ್ನು ಕೊಳ್ಳಿ ಎನ್ನುವುದು ನ್ಯಾಯವೇ?

ಅವಳು ತನ್ನ ಉಪಾಯವನ್ನು ಎಂದೋ ಕಂಡುಕೊಂಡಿದ್ದಾಳೆ. ಸೀರೆಯ ಮೇಲೆ ಗಂಡನ ತುಂಬುತೋಳಿನ ಹಳೇ ಅಂಗಿ, ಕುತ್ತಿಗೆವರೆಗೂ ಗುಂಡಿ, ತಲೆಗೆ ಕಿವಿ ಮುಚ್ಚುವಂತೆ ಟವೆಲ್. ಈರುಳ್ಳಿ ಹೊಲದಲ್ಲಿ ಒಬ್ಬಾಕೆಯನ್ನು ಕೇಳಿದೆ. "ಇದಿಲ್ದೆ ಹೊಲಕ್ಕೆ ಇಳಿಯಾಕಾಗಲ್ಲ ಕಣಕ್ಕ, ಬಿಸ್ಲು ಬಡಿತತೆ" ಅಂದಳು. ಅಂಗಿಯ ತೋಳು ಮೇಲೆತ್ತಿ ತೋರಿಸಿದಳು. ಮಣಿಕಟ್ಟಿನಿಂದ ಆಚೆ ಕೈ ಕಪ್ಪು, ಒರಟು. ಈಚೆಗೆ ಒಂದು ಗೆರೆ ಎಳೆದಂತೆ ತಿಳಿಗಂದು, ನುಣುಪು. ಅಂಗಿ ಎಷ್ಟು ಕೆಲಸ ಮಾಡಿದೆ ಎಂಬುದನ್ನು ಆ ಗೆರೆ ಹೇಳುತ್ತಿತ್ತು. ಒತ್ತು ನೇಯ್ಗೆಯ, ಗಾಢ ಬಣ್ಣದ ಬಟ್ಟೆ ಚೆನ್ನಾಗಿ ತಡೆಯುತ್ತದೆ. ತೆಳು ಬಿಳಿ ಹತ್ತಿ ಅಷ್ಟಾಗಿ ತಡೆಯದು, ಒದ್ದೆಯಾದರಂತೂ ಇನ್ನೂ ಕಡಿಮೆ. ನಮ್ಮ ಕುರಿಗಾಹಿಗಳ ಕಂಬಳಿ ಕೊಪ್ಪೆಯೂ ಮಳೆಯೊಂದಕ್ಕೇ ಇದ್ದದ್ದಲ್ಲ. 2005ರ ನರೇಗಾ ಕಾಯ್ದೆ ಕೆಲಸದ ಜಾಗದಲ್ಲಿ ಕುಡಿಯುವ ನೀರಿನ ಜೊತೆ ನೆರಳೂ ಇರಬೇಕೆಂದು ಬರೆದದ್ದು ಇಂಥ ಕೈಗಳಿಗಾಗಿಯೇ.

ಅಕ್ಕನ ಮಗಳು ಚರ್ಮದ ವೈದ್ಯರ ಬಳಿ ಹೋಗಿ ಬಂದಳು. ಈಗ ಅವಳ ಚೀಲದಲ್ಲಿ ಚರ್ಮದ ಬಣ್ಣದ, ಜಿಂಕ್ ಇರುವ ಒಂದು ಟ್ಯೂಬಿದೆ. ತೋರುಬೆರಳು, ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಹಿಂಡಿ ಮುಖ, ಕುತ್ತಿಗೆಗೆ ಹಚ್ಚುತ್ತಾಳೆ. ಕಪ್ಪು ಕೊಡೆ ಹಿಡಿಯುತ್ತಾಳೆ. ಆದಷ್ಟು ಮನೆಗಳನ್ನು ಬೆಳಿಗ್ಗೆ ಹತ್ತರೊಳಗೆ ಮುಗಿಸುತ್ತಾಳೆ.

ಸೀಸೆ ತಂದ ದಿನ ಅವಳು ಹೊರಡುವಾಗ ಇನ್ನೊಂದು ಮಾತು ಕೇಳಿದ್ದಳು. ಅವಳ ಹಳ್ಳಿಯಲ್ಲಿ ಹುಟ್ಟಿನಿಂದಲೇ ಕೂದಲು, ರೆಪ್ಪೆ ಬಿಳಿ ಇರುವ ಒಬ್ಬ ಹುಡುಗನಿದ್ದಾನೆ, ಎರಡನೇ ತರಗತಿ. ಬಿಸಿಲಿಗೆ ಕಣ್ಣು ಬಿಡಲಾರ. ತಾಯಿ ದಿನಾ ಕೊಬ್ಬರಿ ಎಣ್ಣೆ ಹಚ್ಚಿ ಕಳಿಸುತ್ತಾಳೆ, ಆದರೂ ಮೂಗು, ಕಿವಿಯ ತುದಿ ಸುಲಿಯುತ್ತದೆ. ಮೆಲನಿನ್ ಎಂಬ ಹುಟ್ಟು ಕೊಡೆ ನಮಗೆಲ್ಲ ಇದೆ, ಆ ಮಗುವಿಗೆ ಇಲ್ಲ. ತೊನ್ನು ಇರುವವರ ಬಿಳಿ ಕಲೆಗಳಿಗೂ ಇಲ್ಲ. ಇವರಿಗೆ ಸನ್‌ಸ್ಕ್ರೀನ್ ಅಲಂಕಾರವಲ್ಲ, ಔಷಧ. ಟಾಂಜಾನಿಯಾದ ಮೋಶಿ ಊರಿನಲ್ಲಿ ಇಂಥ ಮಕ್ಕಳಿಗೆಂದೇ ಸನ್‌ಸ್ಕ್ರೀನ್ ತಯಾರಿಸಿ ಹಂಚುವ ಒಂದು ಘಟಕವಿದೆ. ನಮ್ಮ ತಾಲ್ಲೂಕು ಆಸ್ಪತ್ರೆಗಳ ಔಷಧಿ ಕಿಟಕಿಯಲ್ಲೂ ಇವರಿಗೆ ಒಂದು ಟ್ಯೂಬು ಸಿಗಬೇಕು ಎಂಬುದು ನನ್ನ ಬೇಡಿಕೆ.

ಅದು ಸಿಗುವವರೆಗೆ ಕಾಯದೆ ಅಕ್ಕನ ಮಗಳು ಶಾಲೆಗೆ ಹೋಗಿ ಮೇಷ್ಟ್ರ ಜೊತೆ ಮಾತಾಡಿದಳು. ಹುಡುಗನಿಗೆ ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ ಬಂತು. ಅವನೊಬ್ಬನನ್ನೇ ನೆರಳಿಗೆ ಕಳಿಸಿದರೆ ಅಳುತ್ತಾನೆ ಎಂದು ತಾಯಿ ಹೇಳಿದಳಂತೆ. ಈಗ ಬೆಳಗಿನ ಪ್ರಾರ್ಥನೆಗೆ ಎರಡನೇ ತರಗತಿಯ ಇಡೀ ಸಾಲು ಹೊಂಗೆ ಮರದ ಕೆಳಗೆ ನಿಲ್ಲುತ್ತದೆ.