ಆರು ಮತ್ತು ಅರವತ್ತು

ಪುಣೆಯಲ್ಲಿ ನಾನು ನೋಡಿಕೊಳ್ಳುತ್ತಿದ್ದ ತಂಡದಲ್ಲಿ ಒಂಬತ್ತು ಮಂದಿ. ಕೆಲವು ವರ್ಷಗಳ ಹಿಂದೆ ಒಂದು ತಿಂಗಳ ಕೊನೆಗೆ, ಯಾರು ಎಷ್ಟು ಗಂಟೆ ಹೆಚ್ಚುವರಿ ಕೆಲಸ ಮಾಡಿದ್ದಾರೆ ಎಂಬ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಜೋಡಿಸುತ್ತಿದ್ದೆ. 4, 5, 5, 6, 6, 7, 7, 8. ಒಂಬತ್ತನೆಯದು 60.

ಸರಾಸರಿ 12 ಬಂತು. ವಿಚಿತ್ರವೆಂದರೆ, 12 ಗಂಟೆ ದುಡಿದವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಎಂಟು ಮಂದಿ ಅದಕ್ಕಿಂತ ಎಷ್ಟೋ ಕೆಳಗೆ, ಒಬ್ಬಾಕೆ ಅದರ ಐದು ಪಟ್ಟು. ಯಾರದೂ ಅಲ್ಲದ ಸಂಖ್ಯೆ ಎಲ್ಲರ ಪರವಾಗಿ ಮಾತಾಡುತ್ತಿತ್ತು. ಆದರೆ ಮೇಲಿನವರು 12 ನೋಡಿದರೆ ಪ್ರಶ್ನೆ ಕೇಳುತ್ತಾರೆ. ಬೆರಳು ತಪ್ಪಿ ಒಂದು ಸೊನ್ನೆ ಹೆಚ್ಚು ಬಿದ್ದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು 60 ಅನ್ನು 6 ಮಾಡಿದೆ. ಸರಾಸರಿ 6 ಆಯಿತು. ಸಂಖ್ಯೆಗಳು ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆ 17ರಿಂದ ಸುಮಾರು 1.2ಕ್ಕೆ ಇಳಿಯಿತು. ನೋಡಲು ಎಷ್ಟು ಶಿಸ್ತಿನ ತಂಡ!

ವಾರದ ನಂತರ ಆಕೆ ಬಂದು ನಿಂತಳು. "ಸರ್, ನಾನು ಬರೆದದ್ದು ಆರಲ್ಲ, ಅರವತ್ತು." ದನಿಯಲ್ಲಿ ಸಿಟ್ಟಿರಲಿಲ್ಲ. ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ಗೊತ್ತಿದ್ದದ್ದು ಆಕೆಯೊಬ್ಬಳಿಗೇ. ರಾತ್ರಿ ಅದು ಕೆಟ್ಟಾಗಲೆಲ್ಲ ಎದ್ದು ಕೂತವಳೂ ಆಕೆಯೇ.

ನಾನು ಸಂಖ್ಯೆ ತಿದ್ದದೆ, ಸರಾಸರಿಯ ಬದಲು ಮಧ್ಯಾಂಕ ತೋರಿಸಿದ್ದರೆ? ಯಾರೂ ತಪ್ಪು ಹೇಳುತ್ತಿರಲಿಲ್ಲ. ಏರಿಕೆಯ ಕ್ರಮದಲ್ಲಿ ನಡುವಿನ ಸಂಖ್ಯೆ 6. ಆಕೆಯ 60 ನಾಳೆ 600 ಆದರೂ ಅದು 6ರಿಂದ ಅಲುಗುವುದಿಲ್ಲ. ಈ ಕಿವುಡೇ ಮಧ್ಯಾಂಕದ ಗುಣ. ಒಬ್ಬ ಕೋಟ್ಯಧಿಪತಿ ಬಂದು ನೆಲೆಸಿದ ಮಾತ್ರಕ್ಕೆ ಬೀದಿಯೆಲ್ಲ ಶ್ರೀಮಂತವಾಯಿತೆಂದು ಅದು ಸುಳ್ಳು ಹೇಳುವುದಿಲ್ಲ. ಆದರೆ "ಇಲ್ಲಿ ಸಾಮಾನ್ಯವಾಗಿ ಹೇಗಿದೆ?" ಎಂಬ ಪ್ರಶ್ನೆಗೆ ಮಾತ್ರ ಅದು ಉತ್ತರ. "ಇಲ್ಲಿ ಯಾರಿಗಾದರೂ ಅತಿಯಾಗುತ್ತಿದೆಯೇ?" ಎಂದು ಕೇಳಿದರೆ ಅದೇ ಗುಣ ದೋಷವಾಗುತ್ತದೆ.

ಇನ್ನೊಂದು ರೂಢಿಯ ನಿಯಮವಿದೆ: ಸರಾಸರಿಯಿಂದ ಮೂರು ಮಾನಕ ವಿಚಲನೆಗಿಂತ ದೂರವಿದ್ದರೆ ಆ ಸಂಖ್ಯೆಯನ್ನು ಪರೀಕ್ಷಿಸು. ಆಮೇಲೆ ಲೆಕ್ಕ ಹಾಕಿ ನೋಡಿದೆ. 17ರ ಮೂರು ಪಟ್ಟು 51. ಆಕೆ ಇದ್ದದ್ದು 48 ದೂರದಲ್ಲಿ. ಸಿಕ್ಕಿಬೀಳಲಿಲ್ಲ! ಏಕೆಂದರೆ ಆ 17 ಅಷ್ಟು ಹಿಗ್ಗಿದ್ದೇ 60ರಿಂದ. ಒಂಬತ್ತು ಮಂದಿಯ ಗುಂಪಿನಲ್ಲಿ ಒಬ್ಬರು ಎಷ್ಟೇ ದೂರ ಹೋದರೂ ಈ ಅಳತೆಯಲ್ಲಿ 2.83ನ್ನು ದಾಟಲಾರರು. ಆಕೆ 600 ಗಂಟೆ ದುಡಿದಿದ್ದರೂ ನಿಯಮ ಸುಮ್ಮನೇ ಇರುತ್ತಿತ್ತು. ಚಿಕ್ಕ ಗುಂಪಿನಲ್ಲಿ ಒಬ್ಬರ ಅತಿಯಾದ ಹೊರೆ, ತನ್ನನ್ನು ಅಳೆಯುವ ಕೋಲನ್ನೇ ಉದ್ದ ಮಾಡಿಬಿಡುತ್ತದೆ.

ಹಾಗೆಂದು ದೂರ ನಿಂತ ಸಂಖ್ಯೆಯೆಲ್ಲ ಸತ್ಯವಲ್ಲ. ನಿಜವಾಗಿಯೂ ಸೊನ್ನೆ ಹೆಚ್ಚು ಬಿದ್ದದ್ದನ್ನು ಎಷ್ಟೋ ಸಲ ಕಂಡಿದ್ದೇನೆ. ಅದನ್ನು ಹಾಗೇ ಬಿಡುವುದೂ ಸುಳ್ಳೇ. ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿದೆ ಎಂದು ಬ್ರಿಟಿಷ್ ವಿಜ್ಞಾನಿಗಳಾದ ಫಾರ್ಮನ್, ಗಾರ್ಡಿನರ್, ಶಾಂಕ್ಲಿನ್ 1985ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ನಾಸಾದ ಉಪಗ್ರಹವೂ ಆ ಕುಸಿತವನ್ನು ದಾಖಲಿಸಿತ್ತು. ಆದರೆ ಅತಿ ಕಡಿಮೆ ಬಂದ ಅಂಕಿಗಳಿಗೆ ಅದರ ತಂತ್ರಾಂಶ ಸಂಶಯದ ಗುರುತು ಹಾಕುತ್ತಿತ್ತು. ಗುರುತು ಹಾಕಿತ್ತೇ ಹೊರತು ಅಳಿಸಿರಲಿಲ್ಲ. ಹಾಗಾಗಿ ಮತ್ತೆ ತೆಗೆದು ನೋಡಲು ಸಾಧ್ಯವಾಯಿತು.

ಸಂಶಯ ಪಡುವುದು ತಪ್ಪಲ್ಲ. ಉತ್ತರ ಗೊತ್ತಾಗುವ ಮೊದಲೇ ಅಳಿಸುವುದು ತಪ್ಪು. ಅದರಲ್ಲೂ ಅಳಿಸುವುದರಿಂದ ನನಗೇ ಅನುಕೂಲವಿದ್ದಾಗ. 60ರ ಬದಲು ಆಕೆ 0 ಎಂದು ಬರೆದಿದ್ದರೆ ಅದನ್ನೂ "ಬೆರಳು ತಪ್ಪಿತು" ಎಂದು ತಿದ್ದುತ್ತಿದ್ದೆನೇ? ಇಲ್ಲ, ಕರೆದು ಕೇಳುತ್ತಿದ್ದೆ.

ತಿದ್ದಿದ ಪಟ್ಟಿ ಕಳಿಸಿದೆ. ಪ್ರಶ್ನೆ ಬಂತು, ಬರಬೇಕಾದದ್ದೇ. ಇನ್ನಿಬ್ಬರು ಆ ಪ್ರೋಗ್ರಾಂ ಕಲಿತರು. ಎಂಟೆಕ್‌ನಲ್ಲಿ ಸಂಖ್ಯಾಶಾಸ್ತ್ರ ಓದಿದವನು ನಾನು. ಅಂದು ಬೇಕಿದ್ದದ್ದು ಅದಲ್ಲ, ಎದ್ದು ಮೂರು ಮೇಜು ದಾಟಿ ಹೋಗಿ, "ಏನಮ್ಮ, ಇದು ಅರವತ್ತೇನಾ?" ಎಂದು ಕೇಳುವುದಿತ್ತು, ಅಷ್ಟೆ.