ಓಟಿನ ಸಿಟ್ಟು, ಊರಿನ ನಂಟು

ಮಂಡ್ಯದವರಿಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಹೊರಗಿನವರ ಮಾತು. ಬಂದಷ್ಟೇ ಬೇಗ ಇಳಿಯುತ್ತದೆ ಎಂಬುದು ಒಳಗಿನವರಿಗೆ ಗೊತ್ತು. ಇಳಿಯಲು ಬಿಡದೆ ಹಿಡಿದಿಟ್ಟುಕೊಳ್ಳುವುದನ್ನು ಕಲಿಸಿದ್ದು ಮಾತ್ರ ಚುನಾವಣೆ.

*

2019ರ ಏಪ್ರಿಲ್ 18ರಂದು ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಮತದಾನ. ಒಂದು ಕಡೆ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ, ಜೆಡಿಎಸ್‌ನ ನಿಖಿಲ್, ಇನ್ನೊಂದು ಕಡೆ ಐದು ತಿಂಗಳ ಹಿಂದಷ್ಟೇ ಪತಿ, ನಟ ಅಂಬರೀಶ್ ಅವರನ್ನು ಕಳೆದುಕೊಂಡು ಪಕ್ಷೇತರರಾಗಿ ನಿಂತ ಸುಮಲತಾ. ದೇಶಕ್ಕೆ ಅದು 543ರಲ್ಲಿ ಒಂದು ಕ್ಷೇತ್ರ. ಇಲ್ಲಿಯ ಹಳ್ಳಿಗಳಿಗೆ ಮಾತ್ರ ಮನೆ ಮನೆಯ ನಡುವೆ ಗೆರೆ ಎಳೆದ ಚುನಾವಣೆ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿ ಓಟು ಹಾಕಿದರು. ಸಿಟ್ಟಿನ ಒಳ್ಳೆಯ ಗುಣ, ಅದು ಜನರನ್ನು ಬೂತಿಗೆ ಕರೆತರುತ್ತದೆ. ಕೆಟ್ಟ ಗುಣ, ಬೂತಿನಿಂದ ಮನೆಗೂ ಹಿಂದೆಯೇ ಬರುತ್ತದೆ.

*

ಒಬ್ಬರಿಗೆ ಓಟು ಹಾಕಲು ಇನ್ನೊಬ್ಬರನ್ನು ದ್ವೇಷಿಸಬೇಕಾಗಿಲ್ಲ. ಇಷ್ಟು ಸಣ್ಣ ಮಾತು ಪ್ರಚಾರದ ದಿನಗಳಲ್ಲಿ ಯಾರ ಮೈಕಿನಿಂದಲೂ ಕೇಳಿಬರುವುದಿಲ್ಲ.

*

ಆ ಚುನಾವಣೆಯಲ್ಲಿ ಸುಮಲತಾ ಪರ ಪ್ರಚಾರಕ್ಕೆ ಬಂದ ನಟರಾದ ದರ್ಶನ್ ಮತ್ತು ಯಶ್ ‘ಜೋಡೆತ್ತು’ಗಳಾದರು. ಎದುರಿನವರು ಅವರನ್ನು ಬೆಳೆ ಮೇಯುವ ‘ಕಳ್ಳೆತ್ತು’ ಎಂದರು. ಸಿನಿಮಾ ಸಮಾರಂಭವೊಂದರಲ್ಲಿ ತಂದೆ ಮಗನನ್ನು ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂದು ಕರೆದ ಹಳೆಯ ವಿಡಿಯೊ ಹೊರಬಂದು ಮಕ್ಕಳ ಬಾಯಲ್ಲೂ ಆಟವಾಯಿತು. ಅಷ್ಟಕ್ಕೆ ನಿಂತಿದ್ದರೆ ಜಾತ್ರೆಯ ಗೇಲಿಯೆಂದು ನಕ್ಕು ಮರೆಯಬಹುದಿತ್ತು. ಆಮೇಲೆ ಗಂಡ ತೀರಿಕೊಂಡು ದಿನ ಎಷ್ಟಾಯಿತೆಂದು ಹೆಂಗಸಿಗೆ ಲೆಕ್ಕ ಹೇಳುವ ಮಾತು ಬಂತು. ಆಕೆಯ ಜಾತಿ ಯಾವುದು, ಈ ನೆಲದ ಸೊಸೆಯೋ ಹೊರಗಿನವರೋ ಎಂಬ ಮಾತು ಬಂತು. ಗೇಲಿಗೆ ಗೇಲಿಯಲ್ಲೇ ಉತ್ತರ ಕೊಡಬಹುದು. ಹುಟ್ಟನ್ನೂ ವೈಧವ್ಯವನ್ನೂ ಹಿಡಿದು ಆಡಿದ ಮಾತಿಗೆ ಉತ್ತರವಿಲ್ಲ, ನೆನಪು ಮಾತ್ರ ಇರುತ್ತದೆ.

*

ಅಂಬರೀಶ್ ತೀರಿಕೊಂಡಾಗ ಪಾರ್ಥಿವ ಶರೀರವನ್ನು ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ತಂದರು. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಆ ಮನುಷ್ಯನನ್ನು ನೋಡಲು ಬಂದವರಲ್ಲಿ ಯಾರು ಯಾವ ಪಕ್ಷ ಎಂದು ಕೇಳಿದವರಿಲ್ಲ. ನಾಲ್ಕೈದು ತಿಂಗಳು ಕಳೆಯುವುದರೊಳಗೆ, ಶವವನ್ನು ಇಲ್ಲಿಗೆ ತರಿಸಿದ್ದು ಯಾರ ಪುಣ್ಯ ಎಂಬುದೇ ಪ್ರಚಾರದ ಸರಕಾಯಿತು. ಸಾವಿನ ಮನೆಯಲ್ಲಿ ಮಾಡಿದ ಉಪಕಾರವನ್ನು ವೇದಿಕೆ ಹತ್ತಿ ಎಣಿಸಬಾರದು. ಎಣಿಸಿದ ಕ್ಷಣಕ್ಕೆ ಅದು ಸಾಲವಾಗುತ್ತದೆ, ಸಾಲಗಾರರಾಗಿ ಬದುಕಲು ಯಾರಿಗೂ ಇಷ್ಟವಿರುವುದಿಲ್ಲ.

*

ಬಾಯಿ ಮಾಡುವವನಿಗೆ ಒಂದೇ ಓಟು. ಸುಮ್ಮನೆ ಕೇಳಿಸಿಕೊಂಡವನಿಗೂ ಒಂದೇ.

*

ಬೆಂಗಳೂರಿನಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್ ಕೈ ಕುಲುಕಿದ್ದು 2018ರಲ್ಲಿ. ಆದರೆ ಮಂಡ್ಯದ ಹಳ್ಳಿಗಳಲ್ಲಿ ಆ ಎರಡು ಪಕ್ಷಗಳ ಕಾರ್ಯಕರ್ತರು ದಶಕಗಳ ಕಾಲ ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡು, ಹಬ್ಬದ ಮೆರವಣಿಗೆಯಲ್ಲೂ ಬೇರೆ ಬೇರೆ ಸಾಲು ಹಿಡಿದು ನಡೆದವರು. ಮೇಲಿನವರು ಒಂದಾದರೆಂದು ಕೆಳಗಿನವರು ಒಂದೇ ರಾತ್ರಿಯಲ್ಲಿ ಒಂದಾಗಲಿಲ್ಲ. ಕಾಂಗ್ರೆಸ್ಸಿನ ಬಾವುಟ ಹಿಡಿದವರೇ ಪಕ್ಷೇತರ ಅಭ್ಯರ್ಥಿಯ ಮೆರವಣಿಗೆಯಲ್ಲಿ ನಡೆದರು. ಹಗೆಯನ್ನು ಕಲಿಸಿದವರು ಮೊದಲು ಮರೆತರು, ಕಲಿತವರು ಮರೆಯಲಾರದೆ ಉಳಿದರು.

*

ಐದು ವರ್ಷದ ನಂತರ ಏನಾಯಿತೆಂದು ನೋಡಿ. 2024ರ ಮಾರ್ಚ್ ಕೊನೆಯಲ್ಲಿ ಕುಮಾರಸ್ವಾಮಿ ಸುಮಲತಾ ಅವರ ಮನೆಗೆ ಹೋಗಿ ಬೆಂಬಲ ಕೇಳಿದರು. ಸುಮಲತಾ ಕಣದಿಂದ ಹಿಂದೆ ಸರಿದು, ಜೆಡಿಎಸ್‌ನ ಮಿತ್ರಪಕ್ಷ ಬಿಜೆಪಿಗೆ ಸೇರಿದರು. ಇದರಲ್ಲಿ ತಪ್ಪೇನೂ ಇಲ್ಲ. ರಾಜಕೀಯದವರು ರಾಜಿಯಾಗಲೇಬೇಕು, ಅದು ಅವರ ಕಸುಬು. ಕೇಳಬೇಕಾದ ಪ್ರಶ್ನೆ ಬೇರೆ ಇದೆ. 2019ರಲ್ಲಿ ಇವರಿಬ್ಬರ ಹೆಸರಿನಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಮನೆಗೆ, ರಾಜಿ ಮಾಡಿಸಲು ಯಾವ ನಾಯಕರ ಕಾರು ಬಂತು?

*

ನಾಯಕರ ಜಗಳಕ್ಕೆ ಮುಗಿಯುವ ದಿನವಿದೆ. ಹಿಂಬಾಲಕರ ಜಗಳಕ್ಕೆ ಇಲ್ಲ.

*

ಇಲ್ಲಿಯ ಮತದಾರ ಕೊಟ್ಟ ತೀರ್ಪುಗಳನ್ನು ಸಾಲಾಗಿ ಇಟ್ಟು ನೋಡಬೇಕು. 2018ರ ಮೇನಲ್ಲಿ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರ ಜೆಡಿಎಸ್‌ಗೆ. ಅದೇ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಅದೇ ಪಕ್ಷಕ್ಕೆ 3,24,943 ಮತಗಳ ಮುನ್ನಡೆ. ಆರು ತಿಂಗಳಿಗೆ ಎಲ್ಲವೂ ತಿರುವುಮುರುವಾಗಿ ಪಕ್ಷೇತರ ಸುಮಲತಾ 1,25,876 ಮತಗಳಿಂದ ಗೆದ್ದರು. 2023ರಲ್ಲಿ ಏಳರಲ್ಲಿ ಐದು ಕ್ಷೇತ್ರ ಕಾಂಗ್ರೆಸ್ಸಿಗೆ. ಮರುವರ್ಷ ಲೋಕಸಭೆಗೆ ಕುಮಾರಸ್ವಾಮಿಯವರಿಗೆ 2,84,620 ಮತಗಳ ಗೆಲುವು. ಹೊರಗಿನವರು ಇದನ್ನು ಚಂಚಲ ಬುದ್ಧಿ ಎಂದಾರು. ನನಗೆ ಇದು ಬುದ್ಧಿವಂತಿಕೆ ಎನಿಸುತ್ತದೆ: ಈ ಜಿಲ್ಲೆ ಯಾರನ್ನೂ ಶಾಶ್ವತವಾಗಿ ದ್ವೇಷಿಸಿಲ್ಲ, ಯಾರಿಗೂ ಶಾಶ್ವತವಾಗಿ ಮಾರಿಕೊಂಡಿಲ್ಲ. ಓಟು ಕಲಿತಿರುವ ಈ ಪಾಠವನ್ನು ನಾಲಿಗೆ ಇನ್ನೂ ಕಲಿಯಬೇಕಿದೆ.

*

ನಿನ್ನೆ ಎದುರು ಪಾರ್ಟಿಯಲ್ಲಿದ್ದವನು ನಾಳೆ ನಿನ್ನ ಪಾರ್ಟಿಗೇ ಬರುತ್ತಾನೆ, ಇಲ್ಲವೇ ನೀನೇ ಅವನ ಪಾರ್ಟಿಗೆ ಹೋಗುತ್ತೀಯ. ಅವತ್ತು ಒಂದೇ ಬೆಂಚಿನಲ್ಲಿ ಕೂರಬೇಕಾಗುತ್ತದೆ ಎಂಬ ಎಚ್ಚರವಿದ್ದರೆ ಇವತ್ತು ಎಷ್ಟು ಬಯ್ಯಬಹುದು ಎಂಬ ಅಳತೆ ತಾನಾಗಿ ಸಿಗುತ್ತದೆ.

*

ಮದ್ದೂರಿನ ಸೋಮನಹಳ್ಳಿಯ ಹುಡುಗನೊಬ್ಬ ಅಮೆರಿಕದಲ್ಲಿ ಕಾನೂನು ಓದುತ್ತಿದ್ದಾಗ, 1960ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾನ್ ಕೆನಡಿ ಪರವಾಗಿ ಅಲ್ಲಿಯ ಭಾರತೀಯರ ನಡುವೆ ಪ್ರಚಾರ ಮಾಡಿದ್ದ. ಊರಿಗೆ ಮರಳಿ 1962ರಲ್ಲಿ ಮದ್ದೂರಿನಿಂದ ಪಕ್ಷೇತರನಾಗಿ ನಿಂತು ವಿಧಾನಸಭೆಗೆ ಗೆದ್ದ. ಎದುರಾಳಿ ಕೆ.ವಿ. ಶಂಕರೇಗೌಡರ ಪರ ನೆಹರೂ ಅವರೇ ಪ್ರಚಾರಕ್ಕೆ ಬಂದಿದ್ದರು. ಆ ಹುಡುಗ ಎಸ್.ಎಂ. ಕೃಷ್ಣ. ಸೋತ ಶಂಕರೇಗೌಡರ ಹೆಸರನ್ನು ಮಂಡ್ಯ ಇವತ್ತಿಗೂ ಗೌರವದಿಂದಲೇ ಹೇಳುತ್ತದೆ, ಅವರು ಕಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಎಲ್ಲ ಪಕ್ಷದವರ ಮಕ್ಕಳೂ ಓದುತ್ತಾರೆ. ಗೆದ್ದವರೂ ಸೋತವರೂ ಇಬ್ಬರೂ ಊರಿನವರಾಗಿಯೇ ಉಳಿಯಲು ಸಾಧ್ಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

*

ಆ ಕೆನಡಿ ಇಡೀ ಅಮೆರಿಕದಲ್ಲಿ ನಿಕ್ಸನ್‌ಗಿಂತ ಹೆಚ್ಚು ಪಡೆದದ್ದು ಸುಮಾರು 1.12 ಲಕ್ಷ ಜನರ ಓಟು. ನಮ್ಮ ಮಂಡ್ಯದ 2019ರ ಅಂತರಕ್ಕಿಂತ ಕಡಿಮೆ! ಉಪಾಧ್ಯಕ್ಷರಾಗಿದ್ದ ನಿಕ್ಸನ್ 1961ರ ಜನವರಿ 6ರಂದು ಸಂಸತ್ತಿನ ಅಧ್ಯಕ್ಷತೆ ವಹಿಸಿ ಎದುರಾಳಿಯ ಗೆಲುವನ್ನೂ ತಮ್ಮ ಸೋಲನ್ನೂ ತಾವೇ ಘೋಷಿಸಿದರು. ಸರಿಯಾಗಿ ಅರವತ್ತು ವರ್ಷದ ನಂತರ, 2021ರ ಜನವರಿ 6ರಂದು, ಅದೇ ಕಟ್ಟಡಕ್ಕೆ ಸೋಲೊಪ್ಪದ ಗುಂಪು ನುಗ್ಗಿತು. ಸಂವಿಧಾನ ಅದೇ, ಕಟ್ಟಡ ಅದೇ. ಸೋಲನ್ನು ನುಂಗಿಕೊಳ್ಳುವ ಗಂಟಲು ಮಾತ್ರ ಬೇರೆಯಾಗಿತ್ತು. ಪ್ರಜಾಪ್ರಭುತ್ವ ಗೆದ್ದವರ ಉತ್ಸಾಹದಿಂದ ನಡೆಯುತ್ತದೆ ಎಂದುಕೊಂಡಿದ್ದೇವೆ. ಅದು ನಿಂತಿರುವುದು ಸೋತವರ ಒಪ್ಪಿಗೆಯ ಮೇಲೆ.

*

ನಮ್ಮ ಜಿಲ್ಲೆಯ ಮಳವಳ್ಳಿಯಲ್ಲಿ 2013ರ ವಿಧಾನಸಭಾ ಚುನಾವಣೆ ಗೆದ್ದ ಪಿ.ಎಂ. ನರೇಂದ್ರಸ್ವಾಮಿ 2018ರಲ್ಲಿ ಸೋತರು. ಆಗ ಗೆದ್ದ ಕೆ. ಅನ್ನದಾನಿ 2023ರಲ್ಲಿ ಸೋತರು, ನರೇಂದ್ರಸ್ವಾಮಿ ಮತ್ತೆ ಬಂದರು. ಐದು ವರ್ಷ ಕಾಯುವ ತಾಳ್ಮೆ ಸೋತ ಅಭ್ಯರ್ಥಿಗೇ ಇರುವಾಗ, ಅವನಿಗೆ ಓಟು ಹಾಕಿದವನಿಗೆ ಐದು ದಿನವೂ ಇರುವುದಿಲ್ಲವೇಕೆ?

*

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆದರೂ ಅತಿ ಹೆಚ್ಚು ಮನೆ ಒಡೆಯುವುದು ಅದೇ. ಚುನಾವಣೆ ಚಿಕ್ಕದಾದಷ್ಟೂ ಎದುರಾಳಿ ಹತ್ತಿರ ಇರುತ್ತಾನೆ. ದಿಲ್ಲಿಯವರನ್ನು ಬಯ್ದು ಮಲಗಿದರೆ ನಿದ್ದೆ ಬರುತ್ತದೆ, ಪಕ್ಕದ ಓಣಿಯವನನ್ನು ಬಯ್ದರೆ ಬೆಳಿಗ್ಗೆ ಎದ್ದು ಅವನ ಮುಖವನ್ನೇ ನೋಡಬೇಕು.

*

‘ಓಟ್ ಯಾರ್ಗಾರಾ ಹಾಕಣ್ಣೋ, ಹಾಲ್ನ ಮಾತ್ರ ಡೇರಿಗೇ ತಾನೆ ಹಾಕ್ಬೇಕು?’ ಬೆಳಗಿನ ಸಾಲಿನಲ್ಲಿ ಕ್ಯಾನು ಹಿಡಿದು ನಿಂತವರ ಈ ಮಾತಿನ ಮೇಲೆ ಮಾತಿಲ್ಲ. ಆ ಸಾಲಿನ ಹಾಲೆಲ್ಲ ಗೆಜ್ಜಲಗೆರೆಯ ಹಾಲು ಒಕ್ಕೂಟ ಮನ್‌ಮುಲ್‌ಗೆ ಹೋಗಿ ಒಂದೇ ಟ್ಯಾಂಕಿಗೆ ಬೀಳುತ್ತದೆ. ಫ್ಯಾಟ್ ಅಳೆಯುವವನು ಪಾರ್ಟಿ ಕೇಳಲು ಶುರುಮಾಡಿದ ದಿನ ಊರು ಕೆಟ್ಟಿತೆಂದೇ ಲೆಕ್ಕ.

*

2019ರಲ್ಲಿ ಯುಗಾದಿ ಏಪ್ರಿಲ್ 6ಕ್ಕೆ ಬಂತು, ಮರುದಿನ ಹೊಸತೊಡಕು. ಪ್ರಚಾರ ಕಾವೇರಿದ್ದ ಹೊತ್ತು. ಹತ್ತಾರು ಮನೆಯವರು ಚೀಟಿ ಹಾಕಿ ಮರಿ ತಂದು ಗುಡ್ಡೆ ಬಾಡು ಹಂಚಿಕೊಳ್ಳುವುದು ಇಲ್ಲಿಯ ರೂಢಿ. ಗುಡ್ಡೆ ಮಾಡುವವನು ಪ್ರತಿ ಪಾಲಿಗೂ ಮೂಳೆ, ಮೆತ್ತನೆಯದು, ಈಲಿ ಎಲ್ಲವನ್ನೂ ಸಮನಾಗಿ ಇಡುತ್ತಾನೆ. ಯಾವ ಗುಡ್ಡೆ ಯಾರದೆಂದು ಅವನಿಗೆ ಮೊದಲೇ ಗೊತ್ತಿರಬಾರದು, ನ್ಯಾಯ ಇರುವುದೇ ಅದರಲ್ಲಿ. ನಾಳೆ ಯಾರು ಗೆಲ್ಲುತ್ತಾರೋ ಗೊತ್ತಿಲ್ಲದೆ ಇವತ್ತು ನಿಯಮ ಮಾಡುವವನೇ ಸರಿಯಾದ ನಿಯಮ ಮಾಡುತ್ತಾನೆ.

*

ಸಿಟ್ಟೇ ಬೇಡ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆ ಮೀರಿ ಸ್ವಾತಂತ್ರ್ಯ ಹೋರಾಟಗಾರ ಟಿ. ಸಿದ್ದಲಿಂಗಯ್ಯ ರಾಷ್ಟ್ರಧ್ವಜ ಹಾರಿಸಿ ಬಂಧನಕ್ಕೊಳಗಾದಾಗ, ಅಲ್ಲಿ ಸೇರಿದ್ದ ಸಾವಿರಾರು ಜನ ತಣ್ಣಗಿದ್ದರೆ? 2023ರ ಸೆಪ್ಟೆಂಬರಿನಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆದಾಗ ವಿಶ್ವೇಶ್ವರಯ್ಯ ಪ್ರತಿಮೆಯ ಮುಂದೆ ಕೂತವರಿಗೆ ಸಿಟ್ಟಿರಲಿಲ್ಲವೇ? ಇತ್ತು. ಆ ಸಿಟ್ಟಿಗೆ ಒಂದು ಬೇಡಿಕೆ ಇತ್ತು, ಕೇಳಬೇಕಾದವರ ವಿಳಾಸವೂ ಇತ್ತು. ಬೇಡಿಕೆಯಿಲ್ಲದ ಸಿಟ್ಟು ವಿಳಾಸ ಸಿಗದೆ ಪಕ್ಕದ ಮನೆಯ ಬಾಗಿಲು ಬಡಿಯುತ್ತದೆ.

*

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯಲೇಬೇಕು, ಕುದಿಯದೆ ಬೆಲ್ಲವಾಗದು. ಕುದಿಯುವಾಗ ಮೇಲೆ ಬಂದ ಕೊಳೆಯನ್ನು ತೆಗೆದು ಹಾಕಲೂಬೇಕು. ಚುನಾವಣೆಯ ಸಿಟ್ಟಿಗೂ ಇದೇ ಕ್ರಮ.

*

2019ರಲ್ಲಿ ಮತದಾನಕ್ಕೂ ಎಣಿಕೆಗೂ ನಡುವೆ ಇದ್ದದ್ದು 35 ದಿನ. ಓಟು ಹಾಕಿಯಾಗಿತ್ತು, ಯಾರ ಮನಸ್ಸನ್ನೂ ತಿರುಗಿಸುವ ಹಾಗಿರಲಿಲ್ಲ. ಆದರೂ ಜಗಳ ನಿಲ್ಲಲಿಲ್ಲ. ಟಗರು, ಬೈಕು, ಜಮೀನನ್ನೂ ಬಾಜಿಗೆ ಕಟ್ಟಿದ ಸುದ್ದಿ ಬಂತು. ಮೇ 23ಕ್ಕೆ ಫಲಿತಾಂಶ ಬಂದು ಒಬ್ಬರು ಸಂಸದರಾದರು. ಜಮೀನು ಸೋತವನ ಹೆಂಡತಿ ಮಕ್ಕಳು ಯಾರಿಗೆ ಓಟು ಹಾಕಿದ್ದರೆಂದು ಯಾರೂ ಕೇಳಲಿಲ್ಲ.

*

ಗುಟ್ಟಿನ ಮತದಾನವನ್ನು ಕೊಟ್ಟದ್ದು ನಮ್ಮನ್ನು ಹೆದರಿಕೆಯಿಂದ ಕಾಪಾಡಲಿಕ್ಕೆ. ಅದರಿಂದ ಇನ್ನೊಂದು ಲಾಭವೂ ಇದೆ: ಹೇಳದಿದ್ದರೆ ನಂಟು ಉಳಿಯುತ್ತದೆ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡ್ ಕಾಣಿಸಿ ಪೆಟ್ಟಿಗೆಗೆ ಬೀಳುತ್ತದೆ. ನಾವು ಅದನ್ನೇ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಇಪ್ಪತ್ನಾಲ್ಕು ಗಂಟೆ ತೂಗುಹಾಕುತ್ತೇವೆ.

*

ಅರಳಿಕಟ್ಟೆಯ ಮೇಲೆ ಕೂತು ಆಡಿದ ಕೆಟ್ಟ ಮಾತಿಗೆ ಎದುರಿಗಿದ್ದವನ ಮುಖ ಕಾಣಿಸುತ್ತಿತ್ತು, ಅರ್ಧಕ್ಕೇ ನಾಲಿಗೆ ತಡೆಯುತ್ತಿತ್ತು. ಫೋನಿನಲ್ಲಿ ಟೈಪು ಮಾಡುವವನಿಗೆ ಮುಖ ಕಾಣದು. ಊರಿನ ಗ್ರೂಪಿನಿಂದ ಹೊರಬೀಳುವುದು ಸುಲಭ, ಊರಿನಿಂದ ಹೊರಬೀಳುವುದು ಹೇಗೆ?

*

ದುಡ್ಡಿನ ಕವರು ತೆಗೆದುಕೊಂಡ ಕೈಗೆ ಪ್ರಶ್ನೆ ಕೇಳುವ ಬೆರಳಿರುವುದಿಲ್ಲ. ನಾಯಕನನ್ನು ಕೇಳಲಾರದವನೇ ನೆರೆಯವನ ಮೇಲೆ ಹೆಚ್ಚು ಕೂಗಾಡುತ್ತಾನೆ.

*

ಬೂತಿನೊಳಗೆ ನೋಡಿ: ಎದುರಾಳಿ ಪಕ್ಷಗಳ ಏಜೆಂಟರು ಅಕ್ಕಪಕ್ಕ ಕೂತು, ಒಂದೇ ಮತದಾರರ ಪಟ್ಟಿಗೆ ಗೆರೆ ಎಳೆಯುತ್ತಾ, ಬಂದ ತಿಂಡಿಯನ್ನು ಹಂಚಿಕೊಂಡು ಸಂಜೆಯವರೆಗೆ ಇರುತ್ತಾರೆ. ಜಗಳ ನಡೆಯುವುದು ನೂರು ಮೀಟರಿನ ಗೆರೆಯಾಚೆ. ಕೆಲಸ ಸಿಕ್ಕವರಿಗೆ ಸೌಜನ್ಯ ಬರುತ್ತದೆ, ಘೋಷಣೆ ಸಿಕ್ಕವರಿಗೆ ಗಂಟಲು ಬರುತ್ತದೆ.

*

ಬೆರಳಿಗೆ ಹಚ್ಚುವ ಶಾಯಿ ಪಕ್ಕದ ಮೈಸೂರಿನದು, 1962ರಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ. ಗೆದ್ದವರ ಕಡೆಯವನಿಗೂ ಸೋತವರ ಕಡೆಯವನಿಗೂ ಎಡಗೈಯ ಅದೇ ಬೆರಳಿಗೆ ಅದೇ ಬಣ್ಣ.

*

ಸೌಜನ್ಯ ಎಂದರೆ ಬಾಯಿ ಮುಚ್ಚಿಕೊಂಡಿರುವುದು ಎಂದು ತಿಳಿದವರಿದ್ದಾರೆ. ತಪ್ಪನ್ನು ತಪ್ಪೆಂದು ಹೇಳದವನು ಸಭ್ಯನೂ ಅಲ್ಲ, ಒಳ್ಳೆಯವನೂ ಅಲ್ಲ, ಹುಷಾರು ಮಾತ್ರ. ಹೇಳಬೇಕಾದುದನ್ನು ಪೂರಾ ಹೇಳಿ, ಕೇಳಿದವನು ನಾಳೆಯೂ ನಮ್ಮ ಮನೆಗೆ ಬರುವಂತೆ ಬಾಗಿಲು ತೆರೆದಿಡುವುದು ಸೌಜನ್ಯ.

*

2024ರ ಡಿಸೆಂಬರಿನಲ್ಲಿ ಎಸ್.ಎಂ. ಕೃಷ್ಣ ಅವರ ಅಂತ್ಯಕ್ರಿಯೆ ಸೋಮನಹಳ್ಳಿಯಲ್ಲಿ ನಡೆದಾಗ ಎಲ್ಲ ಪಕ್ಷದವರೂ ಬಂದಿದ್ದರು. ಅವರೂ ತಮ್ಮ ಬದುಕಿನಲ್ಲಿ ಪಕ್ಷ ಬದಲಿಸಿದವರೇ. ಸತ್ತವರಿಗೆ ತೋರಿಸುವ ಮರ್ಯಾದೆಯಲ್ಲಿ ಅರ್ಧವನ್ನು ಬದುಕಿದ್ದಾಗಲೇ ತೋರಿಸಿದರೆ ಎಷ್ಟೋ ಭಾಷಣಗಳು ಚಿಕ್ಕವಾಗುತ್ತಿದ್ದವು.

*

ಮತ್ತೆ ಚುನಾವಣೆ ಬರುತ್ತದೆ. ಪಂಚಾಯಿತಿಯದು ಬರುತ್ತದೆ, ವಿಧಾನಸಭೆಯದೂ ಬರುತ್ತದೆ. ನಿಮ್ಮ ಸಿಟ್ಟನ್ನು ಕಡಿಮೆ ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಕಬ್ಬಿನ ಬಾಕಿ, ನಾಲೆಯ ನೀರು, ಮಕ್ಕಳ ಕೆಲಸ, ಇವಕ್ಕೆ ಸಿಟ್ಟು ಬರಲೇಬೇಕು. ಅಷ್ಟನ್ನೂ ಹೊತ್ತುಕೊಂಡು ಬೂತಿಗೆ ಹೋಗಿ ಗುಂಡಿ ಒತ್ತಿ. ವಾಪಸು ಬರುವಾಗ, ಬೇರೆ ಗುಂಡಿ ಒತ್ತಿ ಬಂದವನ ಜೊತೆ ನಡೆದು ಬನ್ನಿ. ಅವನ ಮಗಳ ಮದುವೆಗೆ ನೀವು ಹೋಗಲೇಬೇಕು, ನಿಮ್ಮ ಮನೆಯ ಕಷ್ಟಕ್ಕೆ ಮೊದಲು ಓಡಿಬರುವವನೂ ಅವನೇ. ನೀವು ಗೆಲ್ಲಿಸಿದವರು ಬರುವುದು ಐದು ವರ್ಷಕ್ಕೊಮ್ಮೆ.